ಸ್ಟಾಫ್ ನೊಟೇಶನ್ ಕೆಳಗೆ ಕನ್ನಡ ಸಾಹಿತ್ಯ ಹಾಕಿದರೆ ಒತ್ತಕ್ಷರ ಒಡೆಯುತ್ತಿದೆ, ಪ್ರಿಂಟಿಗೆ ಯಾವ ಫಾರ್ಮ್ಯಾಟ್ ಕೊಡಬೇಕು?

ಪದಗಾತಿ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಪಾಂಡವಪುರ, ಮೇಲುಕೋಟೆ ಕಡೆಯ ಅಜ್ಜಿಯರ ಹತ್ತಿರ ಸೋಬಾನೆ ಪದ, ರಾಗಿ ಬೀಸುವ ಪದ ಎಲ್ಲ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಅದರಲ್ಲಿ ಮಕ್ಕಳ ಕೈಗೆ ಸಿಗುವಂಥವನ್ನು ಆರಿಸಿ ಒಂದು ಸಣ್ಣ ಪುಸ್ತಿಕೆ ಮಾಡುತ್ತಿದ್ದೇನೆ. ಮೇಲೆ ಸ್ಟಾಫ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ), ಕೆಳಗೆ ಸ ರಿ ಗ ಮ ಸ್ವರ, ಅದರ ಕೆಳಗೆ ಸಾಹಿತ್ಯ. ಮ್ಯೂಸ್‌ಸ್ಕೋರ್ 4 ಅನ್ನುವ ನೊಟೇಶನ್ ಸಾಫ್ಟ್‌ವೇರ್ ಬಳಸುತ್ತೇನೆ.

ತೊಂದರೆ ಒಂದೆರಡಲ್ಲ. ಸಾಹಿತ್ಯವನ್ನು ಮೊದಲೇ ಒಬ್ಬರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟಿದ್ದರು, ಅದನ್ನು ಪೇಸ್ಟ್ ಮಾಡಿದರೆ ತಲೆ ಮೇಲೆ ಗೀಟು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಸರಿ ಅಂತ ನಾನೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ, ಸ್ಕೂಲಿನ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಆಕಾರವೇ ಬೇರೆ, ಸಾಲು ಒಂದರ ಮೇಲೊಂದು ಏರಿದೆ. ಇನ್ನೊಂದು ವಿಚಿತ್ರ, ಹಾಡಿನ ಒಂದನೇ ನುಡಿ (ಚರಣ) ನಾನು ಆರಿಸಿದ ಫಾಂಟಿನಲ್ಲಿದೆ, ಎರಡನೆಯದು ಇಲ್ಲ. ಪಿಡಿಎಫ್ ಮಾಡಿ ಇಲ್ಲಿನ ಒಂದು ಪ್ರಿಂಟಿಂಗ್ ಅಂಗಡಿಗೆ ಕೊಟ್ಟೆ. ಅವರು ಕೋರೆಲ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ತೆರೆದ ತಕ್ಷಣ "ಅಕ್ಕ" ಹೋಗಿ "ಅಕ್ ಕ" ಆಯಿತು. "ನುಡಿಯಲ್ಲಿ ಕೊಡಿ ಮೇಡಂ, ಇಲ್ಲಾಂದ್ರೆ ಜೆಪೆಗ್ ಕೊಡಿ" ಅಂತಾರೆ. ಪೋಷಕರ ವಾಟ್ಸಾಪ್ ಗುಂಪಿಗೆ ಪಿಎನ್‌ಜಿ ಕಳಿಸಿದರೆ ಅರ್ಧ ಜನರಿಗೆ ಬರೀ ಕಪ್ಪು ಚೌಕ ಕಾಣಿಸಿತಂತೆ.

ಪುಸ್ತಿಕೆ ಎ5 ಗಾತ್ರ, ಒಂದೇ ಬಣ್ಣ. ಎ4ನಲ್ಲಿ ಮಾಡಿ ಚಿಕ್ಕದು ಮಾಡಿಸೋಣ ಅಂತ ಯೋಚನೆ. ಲಿಲಿಪಾಂಡ್ ಅನ್ನುವ ಇನ್ನೊಂದು ನೊಟೇಶನ್ ಸಾಫ್ಟ್‌ವೇರಿಗೆ ಹೋದರೆ ಈ ಗೋಳೆಲ್ಲ ತಪ್ಪುತ್ತದೆ ಅಂತ ಒಬ್ಬರು ಹೇಳಿದರು. ನಿಜಾನಾ? ಪ್ರೋಗ್ರಾಮಿಂಗ್ ನನಗೆ ಬರಲ್ಲ.

ಕಾಪಿಸ್ಟ್_ಸರಸ್ವತಿಪುರಂ

ಮೇಡಂ, ಸಾಫ್ಟ್‌ವೇರ್ ಬದಲಿಸುವ ಮಾತು ಆಮೇಲೆ. ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನೊಟೇಶನ್ ಸಾಫ್ಟ್‌ವೇರಿನ ತಪ್ಪೇ ಅಲ್ಲ. ಅಕ್ಷರ ಯಾವ ರೂಪದಲ್ಲಿ ಒಳಗೆ ಹೋಯಿತು, ಕಡತ ಯಾರ ಕೈಗೆ ಹೋಗುತ್ತಿದೆ, ಈ ಎರಡು ಇತ್ಯರ್ಥ ಆದರೆ ಉಳಿದದ್ದು ಸಣ್ಣ ಕೆಲಸ.

ಹಳೆಯ ನುಡಿ ಕಡತ ಆಸ್ಕಿ. ಅಂದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೇ. ಮ್ಯೂಸ್‌ಸ್ಕೋರ್‌ನಲ್ಲಿ ನುಡಿ ಫಾಂಟ್ ಆರಿಸಿದರೆ ಕಣ್ಣಿಗೆ ಸರಿ ಕಾಣಬಹುದು, ಆದರೆ ಆ ಫಾಂಟ್ ಇಲ್ಲದ ಕಡೆಗೆ ಅದನ್ನು ಅಕ್ಷರವಾಗಿ ಕಳಿಸಿದರೆ ಕಸವೇ ಬರುತ್ತದೆ. ಹಾಗಾಗಿ ಮೊದಲು ಯೂನಿಕೋಡ್‌ಗೆ ಬದಲಿಸಿ. ನುಡಿ ತಂತ್ರಾಂಶದಲ್ಲೇ ಕನ್ವರ್ಟರ್ ಇದೆ, ಆನ್‌ಲೈನಲ್ಲೂ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. "ಸೂರ್ಯ", "ಕಾರ್ತಿಕ" ಇಂಥ ಕಡೆ ಕನ್ವರ್ಟರ್ ಎಡವುವುದು ಜಾಸ್ತಿ.

ಈಗ ಫಾಂಟ್. ಮ್ಯೂಸ್‌ಸ್ಕೋರ್‌ನ ಮಾಮೂಲಿ ಅಕ್ಷರದ ಫಾಂಟ್ ಎಡ್ವಿನ್. ಅದರಲ್ಲಿ ಕನ್ನಡವೇ ಇಲ್ಲ. ಕನ್ನಡ ಅಕ್ಷರ ಬಂದಾಗ ಕಂಪ್ಯೂಟರ್ ತನ್ನ ಹತ್ತಿರ ಇರುವ ಯಾವುದೋ ಕನ್ನಡ ಫಾಂಟ್ ಎತ್ತಿಕೊಳ್ಳುತ್ತದೆ. ಒಂದು ವಿಂಡೋಸ್‌ನಲ್ಲಿ ತುಂಗಾ, ಇನ್ನೊಂದರಲ್ಲಿ ನಿರ್ಮಲಾ, ಲಿನಕ್ಸ್ ಇದ್ದರೆ ಲೋಹಿತ್. ಸ್ಕೂಲಿನಲ್ಲಿ ಆಕಾರ ಬೇರೆ ಆದದ್ದು ಇದಕ್ಕೇ. ನೋಟೋ ಸೆರಿಫ್ ಕನ್ನಡ ಇಳಿಸಿಕೊಳ್ಳಿ, ಉಚಿತ, ಎರಡೂ ಕಂಪ್ಯೂಟರಿಗೆ ಹಾಕಿ. ಆಮೇಲೆ ಫಾರ್ಮ್ಯಾಟ್ ಮೆನುವಿನಲ್ಲಿ ಸ್ಟೈಲ್ ತೆರೆದು ಟೆಕ್ಸ್ಟ್ ಸ್ಟೈಲ್ಸ್‌ಗೆ ಹೋಗಿ. ಅಲ್ಲಿ ಲಿರಿಕ್ಸ್ ಆಡ್ ಲೈನ್ಸ್, ಲಿರಿಕ್ಸ್ ಈವನ್ ಲೈನ್ಸ್ ಅಂತ ಎರಡು ಬೇರೆ ಬೇರೆ ಇವೆ. ಬೆಸ ಸಾಲಿಗೆ ಒಂದು, ಸಮ ಸಾಲಿಗೆ ಒಂದು. ನೀವು ಮೊದಲನೆಯದನ್ನು ಮಾತ್ರ ಬದಲಿಸಿದ್ದೀರಿ ಅನ್ನಿಸುತ್ತೆ, ಎರಡನೇ ನುಡಿ ಮುನಿಸಿಕೊಂಡದ್ದು ಅದಕ್ಕೇ. ಶೀರ್ಷಿಕೆ, ಹಾಡಿದವರ ಹೆಸರು ಹಾಕುವ ಜಾಗಗಳಿಗೂ ಪ್ರತ್ಯೇಕ ಸ್ಟೈಲ್ ಇದೆ, ಅವನ್ನೂ ಅಲ್ಲೇ ಬದಲಿಸಿ. ಒಂದೊಂದು ಅಕ್ಷರ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಲು ಹೋಗಬೇಡಿ, ಮುಂದೆ ಒಂದು ಸಾಲು ಸೇರಿಸಿದಾಗ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಸಾಹಿತ್ಯವನ್ನು ಲಿರಿಕ್ಸ್ ಆಗಿಯೇ ಹಾಕಿದ್ದೀರಿ ತಾನೇ? ಸುಮ್ನೆ ಸ್ಟಾಫ್ ಟೆಕ್ಸ್ಟ್ ಹಾಕಿ ಕೆಳಗೆ ಎಳೆದು ಕೂರಿಸಿದವರನ್ನು ನೋಡಿದ್ದೇನೆ. ಪುಟದ ಅಗಲ ಬದಲಾದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿ. ಸ್ವರ ಸೆಲೆಕ್ಟ್ ಮಾಡಿ ಕಂಟ್ರೋಲ್ ಎಲ್ ಒತ್ತಿ. ಪದ ಮುಗಿದರೆ ಸ್ಪೇಸ್, ಪದದ ನಡುವೆ ಹೈಫನ್, ಅಕ್ಷರ ಎಳೆಯುವಾಗ ಅಂಡರ್‌ಸ್ಕೋರ್. ಇಡೀ ಸಾಲನ್ನು ನೋಟ್‌ಪ್ಯಾಡ್‌ನಲ್ಲಿ ಹೀಗೆ ಬಿಡಿಸಿಟ್ಟುಕೊಂಡು ಕಾಪಿ ಮಾಡಿ, ಮೊದಲ ಸ್ವರದ ಮೇಲೆ ನಿಂತು ಪೇಸ್ಟ್ ಒತ್ತುತ್ತಾ ಹೋದರೆ ಒಂದೊಂದು ಅಕ್ಷರ ಒಂದೊಂದು ಸ್ವರಕ್ಕೆ ಬೀಳುತ್ತದೆ. ನನಗಂತೂ ಇದೇ ಸಲೀಸು.

ಬಿಡಿಸುವಾಗ ಒಂದು ಮಾತು. "ಲಕ್ಷ್ಮಿ" ಅನ್ನು "ಲ-ಕ್ಷ್ಮಿ" ಅಂತ ಒಡೆಯಿರಿ, ಒತ್ತಕ್ಷರದ ನಡುವೆ ಹೈಫನ್ ಬೇಡ. ಹಾಡುವಾಗ ಕಕಾರ ಹಿಂದಿನ ಸ್ವರಕ್ಕೆ ಸೇರುತ್ತದೆ ನಿಜ, ಆದರೆ ಓದುವ ಕಣ್ಣು ಅಕ್ಷರವನ್ನು ಇಡಿಯಾಗಿಯೇ ಹುಡುಕುತ್ತದೆ. ಅರ್ಧಾಕ್ಷರ ಬಿಡಿಯಾಗಿ ನಿಲ್ಲಲೇಬೇಕಾದ ಕಡೆ, "ಫೇಸ್‌ಬುಕ್" ಥರದ ಪದದಲ್ಲಿ, ಅಲ್ಲಿ ಜೀರೋ ವಿಡ್ತ್ ನಾನ್ ಜಾಯ್ನರ್ ಹಾಕಬೇಕು. ಕಣ್ಣಿಗೆ ಕಾಣದ ಅಕ್ಷರ ಅದು. ಬೇರೆ ಕಡೆಯಿಂದ ಕಾಪಿ ಮಾಡಿದ ಸಾಹಿತ್ಯದಲ್ಲಿ ಬೇಡದ ಜಾಗದಲ್ಲಿ ಅದು ನುಸುಳಿದ್ದರೂ ಒತ್ತು ಒಡೆದ ಹಾಗೆ ಕಾಣುತ್ತದೆ, ಅದನ್ನೂ ಒಮ್ಮೆ ಪರೀಕ್ಷಿಸಿ.

ಕೊನೆಗೆ ಗಾತ್ರ. ದಯವಿಟ್ಟು ಎ4ನಲ್ಲಿ ಮಾಡಿ ಚಿಕ್ಕದು ಮಾಡಿಸಬೇಡಿ. ಎ4ನಿಂದ ಎ5ಗೆ ಬಂದರೆ ಎಲ್ಲವೂ ನೂರಕ್ಕೆ 71ರಷ್ಟು ಆಗುತ್ತದೆ. ಸ್ಟಾಫ್ 7 ಮಿಲಿಮೀಟರ್ ಇದ್ದದ್ದು 5 ಆಗುತ್ತದೆ, ಅದು ಪರವಾಗಿಲ್ಲ, ಓದಬಹುದು. ಸಾಹಿತ್ಯ ಮಾಮೂಲಿಯಾಗಿ 10 ಪಾಯಿಂಟ್ ಇರುತ್ತದೆ, ಅದು 7ಕ್ಕೆ ಇಳಿಯುತ್ತದೆ. ಇಂಗ್ಲಿಷ್ 7 ಪಾಯಿಂಟಿನಲ್ಲಿ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ "ಸ್ತ್ರೀ"ಯ ಕೆಳಗಿನ ಒತ್ತುಗಳು ಇರುವೆ ಸಾಲು ಆಗಿಬಿಡುತ್ತವೆ, ಅದೂ ಜೆರಾಕ್ಸ್ ಮಾಡಿಸಿದರೆ ಮುಗಿಯಿತು ಕಥೆ. ಪೇಜ್ ಸೆಟ್ಟಿಂಗ್ಸ್‌ನಲ್ಲೇ ಎ5 ಆರಿಸಿ, ಸ್ಟಾಫ್ ಚಿಕ್ಕದು ಮಾಡಿ, ಸಾಹಿತ್ಯದ ಸ್ಟೈಲಿನಲ್ಲಿ ಫಾಲೋ ಸ್ಟಾಫ್ ಸೈಜ್ ಅನ್ನುವ ಟಿಕ್ ತೆಗೆದು 11 ಪಾಯಿಂಟ್ ಕೊಡಿ. ಸಾಲಿಗೆ ನಾಲ್ಕು ಬಾರ್ ಬದಲು ಮೂರೇ ಹಿಡಿಯುತ್ತದೆ. ಹಿಡಿಯಲಿ ಬಿಡಿ. ಪುಟ ಜಾಸ್ತಿ ಆದರೂ ಮಕ್ಕಳು ಓದುತ್ತಾರಲ್ವಾ. ಎರಡು ನುಡಿಗಳ ನಡುವಿನ ಅಂತರವನ್ನೂ ಲಿರಿಕ್ಸ್ ಸ್ಟೈಲಿನಲ್ಲಿ ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಡಿಟಿಪಿ_ಅಶೋಕರಸ್ತೆ

ಅಂಗಡಿಯವರ ಪರವಾಗಿ ಎರಡು ಮಾತು ಆಡುತ್ತೇನೆ, ನಾನೂ ಅದೇ ಕಸುಬಿನವನು. ಮದುವೆ ಕಾರ್ಡು, ಕರಪತ್ರ ಎಲ್ಲ ಇನ್ನೂ ಪೇಜ್‌ಮೇಕರ್ 7ರಲ್ಲೇ ಮಾಡುವವರು ನಮ್ಮಲ್ಲಿದ್ದಾರೆ. ಅದು 2001ರ ಸಾಫ್ಟ್‌ವೇರ್, ಯೂನಿಕೋಡ್ ಅಂದರೆ ಅದಕ್ಕೆ ಗೊತ್ತಿಲ್ಲ. ಅದಕ್ಕೇ ನುಡಿಯಲ್ಲಿ ಕೊಡಿ ಅನ್ನುವುದು. ಅವರು ಹೇಳಿದ್ದು ಬರೀ ಬರಹಕ್ಕೆ ಸರಿ, ನಿಮ್ಮ ಪುಟಕ್ಕೆ ಅಲ್ಲ. ನಿಮ್ಮದು ಮುಗಿದ ಪುಟ, ಅದರೊಳಗೆ ಅವರು ಒಂದಕ್ಷರವನ್ನೂ ತಿದ್ದಬೇಕಿಲ್ಲ.

ಕೋರೆಲ್‌ಗೆ ಪಿಡಿಎಫ್ ಇಂಪೋರ್ಟ್ ಮಾಡುವಾಗ ಒಂದು ಪ್ರಶ್ನೆ ಕೇಳುತ್ತದೆ, ಟೆಕ್ಸ್ಟ್ ಆಗಿ ತರಲಾ, ಕರ್ವ್ಸ್ ಆಗಿ ತರಲಾ ಅಂತ. ಅಭ್ಯಾಸಬಲದಲ್ಲಿ ಟೆಕ್ಸ್ಟ್ ಒತ್ತಿಬಿಡುತ್ತಾರೆ. ಆಗ ಕೋರೆಲ್ ಅಕ್ಷರಗಳನ್ನು ತಾನೇ ಮತ್ತೆ ಜೋಡಿಸಲು ಹೋಗಿ ನಿಮ್ಮ ಅಕ್ಕನನ್ನು ಎರಡು ಮಾಡುತ್ತದೆ. ಕರ್ವ್ಸ್ ಅಂದರೆ ಅಕ್ಷರ ಚಿತ್ರದ ಗೆರೆಯಾಗಿ ಬರುತ್ತದೆ, ಒಡೆಯುವ ಮಾತೇ ಇಲ್ಲ. ಇನ್‌ಡಿಸೈನ್ ಇರುವವರಾದರೆ ಪಿಡಿಎಫ್ ಅನ್ನು ಹಾಗೇ ಪ್ಲೇಸ್ ಮಾಡಿದರೆ ಸಾಕು. ಅದರಲ್ಲೇ ಕನ್ನಡ ಟೈಪ್ ಮಾಡುವುದಾದರೆ ಮಾತ್ರ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಲೂ ಇದೇ ಪಾಡು.

ಕೊಡುವ ಮೊದಲು ನೀವೇ ನೋಡಬಹುದಾದದ್ದು ಒಂದಿದೆ. ಪಿಡಿಎಫ್ ಅನ್ನು ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು ಪ್ರಾಪರ್ಟೀಸ್ ಒಳಗೆ ಫಾಂಟ್ಸ್ ಅನ್ನುವ ಪಟ್ಟಿ ನೋಡಿ. ಪ್ರತಿ ಫಾಂಟಿನ ಮುಂದೆ ಎಂಬೆಡೆಡ್ ಸಬ್‌ಸೆಟ್ ಅಂತ ಇರಬೇಕು. ಇದ್ದರೆ ನಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿ ಬಿಡಲಿ, ಪ್ರಿಂಟ್ ಸರಿ ಬರುತ್ತದೆ.

ಜೆಪೆಗ್ ಕೊಡಬೇಡಿ, ಯಾರು ಕೇಳಿದರೂ ಕೊಡಬೇಡಿ. ಅದು ಫೋಟೋಗೆ ಮಾಡಿದ್ದು. ಸ್ಟಾಫಿನ ತೆಳು ಗೆರೆಗಳ ಸುತ್ತ ಬೂದು ಬೂದಾಗಿ ಕಲೆ ಏಳುತ್ತದೆ, ಅಚ್ಚಿನ ಪ್ಲೇಟಿಗೆ ಬಂದಾಗ ಗೆರೆ ತುಂಡು ತುಂಡು. ಒಂದೇ ಬಣ್ಣ ಅಂದಿರಿ, ಹಾಗಾದರೆ "ಬರೀ ಕಪ್ಪು ಪ್ಲೇಟು" ಅಂತ ಬಾಯಿಬಿಟ್ಟು ಹೇಳಿ. ಈ ಸಾಫ್ಟ್‌ವೇರ್‌ಗಳ ಪಿಡಿಎಫ್‌ನಲ್ಲಿ ಕಪ್ಪು ಆರ್‌ಜಿಬಿ, ಅಂದರೆ ಸ್ಕ್ರೀನಿಗೆ ಬಳಸುವ ಕೆಂಪು ಹಸಿರು ನೀಲಿ ಲೆಕ್ಕದಲ್ಲಿ ಇರಬಹುದು. ಅದನ್ನು ಹಾಗೇ ನಾಲ್ಕು ಬಣ್ಣಕ್ಕೆ ಬಿಟ್ಟರೆ, ಪ್ಲೇಟು ಕೂದಲೆಳೆಯಷ್ಟು ಸರಿದರೂ ಗೆರೆಗೆ ಕೆಂಪು ನೀಲಿ ಅಂಚು ಕಾಣುತ್ತದೆ.

ಮತ್ತೆ ಪುಟದ ಸಂಖ್ಯೆ ನಾಲ್ಕರ ಗುಣಕ ಇರಲಿ. ಮಧ್ಯೆ ಪಿನ್ ಹೊಡೆಯುವ ಪುಸ್ತಕಕ್ಕೆ 18 ಪುಟ ತಂದರೆ ಎರಡು ಪುಟ ಖಾಲಿ ಬಿಡಬೇಕು. ಪುಟಗಳನ್ನು ಕ್ರಮವಾಗಿ ಒಂದೇ ಪಿಡಿಎಫ್‌ನಲ್ಲಿ ಕೊಡಿ, ಜೋಡಿ ಮಾಡುವುದು ನಮ್ಮ ಕೆಲಸ. ನೀವೇ ಬುಕ್‌ಲೆಟ್ ಥರ ಜೋಡಿಸಿ ತಂದರೆ ನಾವು ಅದನ್ನು ಬಿಡಿಸಿ ಮತ್ತೆ ಜೋಡಿಸಬೇಕು.

ತಾರಷಡ್ಜ

ಲಿಲಿಪಾಂಡ್ ಬಗ್ಗೆ ಕೇಳಿದ್ದೀರಿ ಅಕ್ಕ, ನಾನು ಬಳಸುತ್ತೇನೆ, ಪಿಟೀಲು ಪಾಠಕ್ಕೆ ಎಲ್ಲ ಅದರಲ್ಲೇ ಬರೆಯುವುದು. ಪ್ರೋಗ್ರಾಮಿಂಗ್ ಅಲ್ಲ, ಆದರೆ ಮೌಸ್ ಹಿಡಿದು ಮಾಡುವ ಕೆಲಸವೂ ಅಲ್ಲ. ಸ್ವರಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡಬೇಕು, ಅದು ಪುಟ ಮಾಡಿಕೊಡುತ್ತದೆ. ಫ್ರೆಸ್ಕೊಬಾಲ್ಡಿ ಅಂತ ಒಂದು ಎಡಿಟರ್ ಇದೆ, ಅದರಲ್ಲಿ ಎಡಗಡೆ ಬರೆದದ್ದು ಬಲಗಡೆ ಕಾಣುತ್ತದೆ. ಅದಿಲ್ಲದೆ ಶುರು ಮಾಡಬೇಡಿ.

ನನಗೆ ಇಷ್ಟವಾದದ್ದು, ಸ್ವರ ಒಂದು ಕಡೆ, ಸಾಹಿತ್ಯ ಒಂದು ಕಡೆ, ಪುಟದ ಅಳತೆ ಇನ್ನೊಂದು ಕಡೆ. ಅಜ್ಜಿ ಹಾಡಿದ ಶ್ರುತಿಯಲ್ಲಿ ಬರೆದಿಟ್ಟು ಮಕ್ಕಳಿಗೆ ಬಿಳಿ ಕೀ ಜಾಸ್ತಿ ಬರುವ ಹಾಗೆ ಬದಲಿಸಲು ಒಂದು ಸಾಲು ಸಾಕು. ಅದೇ ಕಡತದಿಂದ ಗೋಡೆಗೆ ಅಂಟಿಸಲು ಎ4, ಪುಸ್ತಿಕೆಗೆ ಎ5. ಸಾಹಿತ್ಯದಲ್ಲಿ ಪದದ ನಡುವೆ ಎರಡು ಹೈಫನ್, ಎರಡೂ ಪಕ್ಕ ಜಾಗ ಬಿಡಬೇಕು: "ಸೋ -- ಬಾ -- ನೆ". ಜಾಗ ಬಿಡದಿದ್ದರೆ ಹೈಫನ್ನೂ ಅಕ್ಷರದ ಜೊತೆ ಅಂಟಿಕೊಂಡು ಅಚ್ಚಾಗುತ್ತದೆ.

ಆದರೆ ಫಾಂಟಿನ ಗೋಳು ಇಲ್ಲೂ ಇದ್ದೇ ಇದೆ. ಇದರ ಮಾಮೂಲಿ ಫಾಂಟಿನಲ್ಲೂ ಕನ್ನಡ ಇಲ್ಲ, ಹೆಸರು ನೀವೇ ಕೊಡಬೇಕು. ಕೊಡುವ ರೀತಿ ಲಿಲಿಪಾಂಡ್‌ನ 2.24 ಆವೃತ್ತಿಯಲ್ಲಿ ಒಂದು, 2.25ರಲ್ಲಿ ಇನ್ನೊಂದು. ಹಳೆಯ ಉದಾಹರಣೆ ನೋಡಿ ಹೊಸದರಲ್ಲಿ ಬರೆದರೆ ಬೈಸಿಕೊಳ್ಳುತ್ತೀರಿ. ಕಡತವನ್ನು ಯುಟಿಎಫ್ 8 ಅನ್ನುವ ಯೂನಿಕೋಡ್ ರೂಪದಲ್ಲೇ ಉಳಿಸಬೇಕು.

ಔಟ್‌ಪುಟ್ ವಿಷಯಕ್ಕೆ ಬಂದರೆ, ಏನೂ ಹೇಳದಿದ್ದರೆ ಪಿಡಿಎಫ್ ಬರುತ್ತದೆ, ಪ್ರಿಂಟಿಗೆ ಅದೇ ಸಾಕು. ಪಿಎನ್‌ಜಿ ಕೇಳಿದರೆ ಇಂಚಿಗೆ 101 ಚುಕ್ಕೆಯಂತೆ ಕೊಡುತ್ತದೆ, ಅದು ಮಸುಕು. ರೆಸಲ್ಯೂಶನ್ 300 ಅಂತ ಹೇಳಬೇಕು. ಕ್ರಾಪ್ ಅನ್ನುವ ಆಯ್ಕೆ ಕೊಟ್ಟರೆ ಸುತ್ತಲಿನ ಖಾಲಿ ಜಾಗ ಕತ್ತರಿಸಿ ಬರೀ ಹಾಡನ್ನು ಕೊಡುತ್ತದೆ, ಪ್ರಶ್ನೆಪತ್ರಿಕೆ ಮಾಡುವಾಗ ತುಂಬ ಉಪಯೋಗ. ಎಸ್‌ವಿಜಿ (ಗೆರೆಗಳಾಗಿ ಉಳಿಸುವ ಚಿತ್ರದ ಫಾರ್ಮ್ಯಾಟ್) ಮಾತ್ರ ಹುಷಾರು. ಮಾಮೂಲಿ ದಾರಿಯಲ್ಲಿ ತೆಗೆದರೆ ಸ್ವರದ ಚಿಹ್ನೆಗಳು ಗೆರೆಯಾಗಿ ಬರುತ್ತವೆ, ಸಾಹಿತ್ಯ ಮಾತ್ರ ಅಕ್ಷರವಾಗಿಯೇ ಉಳಿಯುತ್ತದೆ. ನೋಡುವವರ ಹತ್ತಿರ ನಿಮ್ಮ ಫಾಂಟ್ ಇಲ್ಲದಿದ್ದರೆ ಜಾಗ ಕೆಡುತ್ತದೆ. 2.24ರಲ್ಲಿ ಕೈರೋ ಅನ್ನುವ ಇನ್ನೊಂದು ಔಟ್‌ಪುಟ್ ದಾರಿ ಬಂದಿದೆ, ಅದರಿಂದ ತೆಗೆದರೆ ಅಕ್ಷರಗಳೂ ಗೆರೆಯಾಗುತ್ತವೆ.

ಆ ಕಪ್ಪು ಚೌಕ ಬಂದದ್ದು ಮ್ಯೂಸ್‌ಸ್ಕೋರ್‌ನ ಟ್ರಾನ್ಸ್‌ಪರೆಂಟ್ ಬ್ಯಾಕ್‌ಗ್ರೌಂಡ್ ಟಿಕ್‌ನಿಂದ ಅಕ್ಕ. ಕಾಗದವೇ ಇಲ್ಲದ ಚಿತ್ರ ಅದು, ಡಾರ್ಕ್ ಮೋಡ್ ಇಟ್ಟುಕೊಂಡವರಿಗೆ ಕಪ್ಪಿನ ಮೇಲೆ ಕಪ್ಪು. ಎಕ್ಸ್‌ಪೋರ್ಟ್ ಮಾಡುವಾಗ ಟಿಕ್ ತೆಗೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾಂದ್ರೆ ಅದು ಹಿಂಡಿ ಕಳಿಸುತ್ತದೆ.

ಪುಸ್ತಿಕೆ ಅರ್ಧ ಮುಗಿದಿದೆ ಅಂದರೆ ಈಗ ಲಿಲಿಪಾಂಡ್‌ಗೆ ಬರಬೇಡಿ ಅಂತಲೇ ನನ್ನ ಸಲಹೆ. ಮುಂದಿನ ಪುಸ್ತಕಕ್ಕೆ ನೋಡೋಣ.

ಲಘು_ದ್ರುತ

ಎಲ್ಲರೂ ಫಾಂಟ್, ಪ್ಲೇಟ್ ಅಂತಿದ್ದೀರಿ. ಸೋಬಾನೆ ಪದಕ್ಕೆ ಐದು ಗೆರೆ ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ. ಅಜ್ಜಿ ಆ ಗಾಂಧಾರವನ್ನು ಎಳೆದು ಬಿಡುವ ರೀತಿ ಸ್ಟಾಫಿನಲ್ಲಿ ಎಲ್ಲಿ ಕೂರುತ್ತದೆ? ಸ ರಿ ಗ ಮ ಬರೆದು ಆದಿತಾಳವಾದರೆ ಎಂಟು ಮನೆಯ ಟೇಬಲ್ ಹಾಕಿ, ನಾಲ್ಕಾದ ಮೇಲೆ ಒಂದು ಗೀಟು, ಎರಡಾದ ಮೇಲೆ ಒಂದು, ಕೊನೆಗೆ ಎರಡು ಗೀಟು. ಒಂದಕ್ಷರ ಎಳೆಯಲು ಕಾಮಾ, ಎರಡಕ್ಕೆ ಸೆಮಿಕೋಲನ್. ನಮ್ಮ ಪುಸ್ತಕಗಳು ಹೀಗೇ ಬಂದಿವೆ, ವರ್ಡ್‌ನಲ್ಲೇ ಮುಗಿಯುತ್ತದೆ.

ಕಾಪಿಸ್ಟ್_ಸರಸ್ವತಿಪುರಂ

ಗಮಕದ, ಅಂದರೆ ಸ್ವರವನ್ನು ಎಳೆದು ಜಾರಿಸುವ ಮಾತು ಒಪ್ಪಿದೆ ಗುರುಗಳೇ, ಆದರೆ ಟೇಬಲ್‌ನಲ್ಲೂ ಗಮಕ ಇಲ್ಲವಲ್ಲ, ಅಲ್ಲೂ ಕೇಳಿ ಕಲಿತವನಿಗೇ ಗೊತ್ತು. ಮೇಡಂ ಮಕ್ಕಳು ಕೀಬೋರ್ಡಿನವರು, ಅದರಲ್ಲಿ ಜಾರಿಸುವ ಹಾಗೇ ಇಲ್ಲ. ಮೈಸೂರಿಗೆ ಸ್ಟಾಫ್ ಹೊರಗಿನದೂ ಅಲ್ಲ, ಪೊಲೀಸ್ ಬ್ಯಾಂಡಿನಲ್ಲಿ ಇಂಗ್ಲಿಷ್ ಬ್ಯಾಂಡೂ ಉಂಟು, ಕರ್ನಾಟಕ ವಾದ್ಯವೃಂದವೂ ಉಂಟು, ದಸರೆಯಲ್ಲಿ ಎರಡನ್ನೂ ಕೇಳುತ್ತೇವೆ. ಜಯಚಾಮರಾಜ ಒಡೆಯರು ಕೀರ್ತನೆಗಳನ್ನೂ ರಚಿಸಿದರು, ಪಿಯಾನೋ ಸಂಗೀತವನ್ನೂ ಪೋಷಿಸಿದರು.

ನಿಮ್ಮ ಟೇಬಲ್‌ನಲ್ಲಿ ನಿಜವಾದ ಕಷ್ಟ ಇರುವುದು ಸ್ಥಾಯಿ ಚುಕ್ಕೆಯಲ್ಲಿ. ತಾರಕ್ಕೆ (ಎತ್ತರದ ಸ್ಥಾಯಿ) ಮೇಲೆ ಚುಕ್ಕೆ, ಮಂದ್ರಕ್ಕೆ (ತಗ್ಗಿನ ಸ್ಥಾಯಿ) ಕೆಳಗೆ. ಯೂನಿಕೋಡ್‌ನಲ್ಲಿ ಅಕ್ಷರದ ಮೇಲೆ ಕೂರುವ ಚುಕ್ಕೆ ಇದೆ, ಕೆಳಗೆ ಕೂರುವುದೂ ಇದೆ, ಆದರೆ ಕನ್ನಡ ಫಾಂಟಿನಲ್ಲಿ ಅವಕ್ಕೆ ಜಾಗ ಮಾಡಿರಬೇಕು. ಮಾಡಿಲ್ಲದಿದ್ದರೆ "ಸ"ದ ತಲೆಕಟ್ಟಿನ ಪಕ್ಕಕ್ಕೆ ಜಾರುತ್ತದೆ, ಇಲ್ಲವೇ ಚುಕ್ಕೆಗಳ ಒಂದು ಸುತ್ತು ಬಂದು ಅದರ ಮೇಲೆ ಕೂರುತ್ತದೆ. "ರಿ", "ನಿ"ಗಳಲ್ಲಿ ಗುಡಿಸು ಮೇಲೆ ಇರುವುದರಿಂದ ಇನ್ನೂ ಫಜೀತಿ. ಮೇಡಂ, ನೀವು ಸ್ವರವನ್ನು ಒಂದನೇ ಲಿರಿಕ್ಸ್ ಸಾಲಾಗಿ, ಸಾಹಿತ್ಯವನ್ನು ಎರಡನೇ ಸಾಲಾಗಿ ಹಾಕಿ, ಚುಕ್ಕೆ ಬಿಟ್ಟುಬಿಡಿ. ಸ್ಥಾಯಿ ಯಾವುದು ಅಂತ ಮೇಲಿನ ಸ್ಟಾಫೇ ಹೇಳುತ್ತದೆ. ಹೀಗೆ ಮಾಡಿದರೆ ಇನ್ನೊಂದು ಲಾಭ, ಬೆಸ ಸಾಲು ಸಮ ಸಾಲು ಎರಡು ಸ್ಟೈಲ್ ಇವೆ ಅಂದೆನಲ್ಲ, ಸ್ವರಕ್ಕೆ ಚಿಕ್ಕ ಅಕ್ಷರ, ಸಾಹಿತ್ಯಕ್ಕೆ ದೊಡ್ಡದು ಅಂತ ಬೇರೆ ಬೇರೆ ಕೊಡಬಹುದು. ಉಳಿದ ನುಡಿಗಳನ್ನು ಹಾಡಿನ ಕೆಳಗೆ ಪದ್ಯದ ಹಾಗೆ ಸುಮ್ನೆ ಅಚ್ಚು ಹಾಕಿ.

ಪದಗಾತಿ_ಮಂಡ್ಯ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಎ5ಗೆ ಬದಲಿಸಿದೆ, ಎರಡೂ ಸ್ಟೈಲಿಗೆ ನೋಟೋ ಹಾಕಿದೆ, ಸ್ಕೂಲಿನಲ್ಲೂ ಈಗ ಹಾಗೇ ಕಾಣುತ್ತಿದೆ. ಸ್ವರ ಮೇಲೆ, ಸಾಹಿತ್ಯ ಕೆಳಗೆ, ನಿಜಕ್ಕೂ ಓದಲು ಹಿತವಾಗಿದೆ. ಅರ್ಕಾವತ್ತು ಹುಡುಕುತ್ತಿದ್ದೇನೆ, "ವರ್ಷ" ಸಿಕ್ಕಿತು, "ಹರ್ಷ" ಸಿಕ್ಕಿತು.

ಇನ್ನೊಂದು ಪ್ರಶ್ನೆ. ಮೈಸೂರಿನ ನನ್ನ ಗೆಳತಿ ಇದೇ ಥರ ಹಾಡುಗಳನ್ನು ಹಿಂದೆ ಫಿನಾಲೆ ಅನ್ನುವ ನೊಟೇಶನ್ ಸಾಫ್ಟ್‌ವೇರಿನಲ್ಲಿ ಬರೆದಿಟ್ಟಿದ್ದಾಳೆ. ಅವಳ ಕಡತ ನನ್ನಲ್ಲಿ ತೆರೆಯುತ್ತಿಲ್ಲ. ಮಿಡಿ ಕಡತ ಕಳಿಸಿದಳು, ಸ್ವರ ಬಂತು, ಆದರೆ ಹೇಗೆಂದರೆ ಹಾಗೆ ಇದೆ.

ಕಾಪಿಸ್ಟ್_ಸರಸ್ವತಿಪುರಂ

ಮಿಡಿ ಬೇಡ. ಅದರಲ್ಲಿ ಯಾವ ಕೀ ಯಾವಾಗ ಒತ್ತಿದರು, ಎಷ್ಟು ಹೊತ್ತು ಹಿಡಿದರು ಅನ್ನುವುದೇ ಮುಖ್ಯ. ಪುಟದ ವಿನ್ಯಾಸ ಇರುವುದಿಲ್ಲ, ಸ ಶಾರ್ಪಾ ರಿ ಫ್ಲ್ಯಾಟಾ ಅಂತಲೂ ಅದಕ್ಕೆ ಗೊತ್ತಿಲ್ಲ. ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ಕಳಿಸಲು ಹೇಳಿ. ಅದು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹಾಡು ಸಾಗಿಸಲೆಂದೇ ಮಾಡಿದ ಫಾರ್ಮ್ಯಾಟ್. ಸಾಹಿತ್ಯದ ಪ್ರತಿ ಅಕ್ಷರ ಪದದ ಮೊದಲಿನದಾ, ನಡುವಿನದಾ, ಕೊನೆಯದಾ ಅನ್ನುವುದೂ ಅದರಲ್ಲಿ ದಾಖಲಾಗುತ್ತದೆ, ಹಾಗಾಗಿ ಹೈಫನ್‌ಗಳು ಸರಿಯಾಗಿ ಬರುತ್ತವೆ. ಪುಟದ ಅಂದಚೆಂದ ಮಾತ್ರ ಪೂರ್ತಿ ಬರುವುದಿಲ್ಲ, ಸಾಲು ಒಡೆಯುವುದು, ಅಂತರ ಎಲ್ಲ ನೀವೇ ಮತ್ತೆ ನೋಡಬೇಕು. ಅವರು ಸಾಹಿತ್ಯವನ್ನು ನುಡಿಯಲ್ಲಿ ಹಾಕಿದ್ದರೆ ಅದು ಇಲ್ಲೂ ಕಸವಾಗಿಯೇ ಬರುತ್ತದೆ. ಸ್ವರ ಮಾತ್ರ ಇಟ್ಟುಕೊಂಡು ಸಾಹಿತ್ಯ ಪೇಸ್ಟ್ ಮಾಡಿ.

ಮತ್ತೆ ಅವರಿಗೆ ಹೇಳಿ, ಇರುವ ಎಲ್ಲ ಫಿನಾಲೆ ಕಡತಗಳನ್ನೂ ಈಗಲೇ ಹೀಗೆ ತೆಗೆದಿಡಲಿ. 2024ರ ಆಗಸ್ಟಿನಲ್ಲಿ ಫಿನಾಲೆಯನ್ನು ಮುಂದುವರಿಸುವುದಿಲ್ಲ ಅಂತ ಅದರ ಕಂಪನಿಯವರೇ ಘೋಷಿಸಿದ್ದಾರೆ. ಅವರ ಕಂಪ್ಯೂಟರ್ ಕೈಕೊಟ್ಟರೆ ಆ ಕಡತ ತೆರೆಯುವ ದಾರಿ ಹುಡುಕಬೇಕಾಗುತ್ತದೆ.

ಡಿಟಿಪಿ_ಅಶೋಕರಸ್ತೆ

ಹಾಗೇ ಜೊತೆಗೆ ಒಂದೊಂದು ಪಿಡಿಎಫ್ ಕೂಡ ತೆಗೆದಿಡಲಿ, ಮೊದಲು ಪುಟ ಹೇಗಿತ್ತು ಅಂತ ನೋಡಿಕೊಳ್ಳಲು ಬೇಕಾಗುತ್ತದೆ. ಮೇಡಂ, ಅಂಗಡಿಗೆ ಹೋಗುವಾಗ ಮೊದಲು ಎರಡೇ ಪುಟ ಪ್ರೂಫ್ ತೆಗೆಸಿ, ಒತ್ತು ಜಾಸ್ತಿ ಇರುವ ಹಾಡಿನದೇ ಆಗಿರಲಿ. ಸ್ಕ್ರೀನ್ ನೋಡಿ ಒಪ್ಪಬೇಡಿ, ಕಾಗದದ ಮೇಲೆ ನೋಡಿ ಒಪ್ಪಿ.